ಒಂದು ಮನೆ, ಎರಡು ಕ್ರಿಸ್ಮಸ್

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಲ್ಲಿ ಧನುರ್ಮಾಸವೆಂದರೆ ಚಳಿಯೂ ಭಕ್ತಿಯೂ ಒಟ್ಟಿಗೆ ಎಚ್ಚರಗೊಳ್ಳುವ ಕಾಲ. ಆಕಾಶದಲ್ಲಿ ಚುಕ್ಕೆಗಳು ಇನ್ನೂ ಮಾಸದಿರುವಾಗಲೇ ದೇವಸ್ಥಾನದ ಗಂಟೆ ಮೊಳಗುತ್ತದೆ. ಹಂಡೆಯ ನೀರು ಕಾದು, ಮನೆಯ ಹಿರಿಯರು ಮಿಂದು, ಮಡಿಯುಟ್ಟು ಗುಡಿಗೆ ನಡೆಯುತ್ತಾರೆ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ ಸೇರಿ ಬೆಂದ ಹುಗ್ಗಿ ಸೂರ್ಯೋದಯಕ್ಕೆ ಮುನ್ನವೇ ನೈವೇದ್ಯವಾಗಿ, ದೊನ್ನೆಯಲ್ಲಿ ಹಬೆಯಾಡುತ್ತ ಮಕ್ಕಳ ಕೈ ಸೇರುತ್ತದೆ. ಹಾಗೆ ಬಂದ ಮಕ್ಕಳಲ್ಲಿ ದೇವರಿಗಾಗಿ ಬಂದವರೆಷ್ಟು ಮಂದಿ, ಹುಗ್ಗಿಗಾಗಿ ಬಂದವರೆಷ್ಟು ಮಂದಿ ಎಂಬುದನ್ನು ಅರ್ಚಕರು ವಿಚಾರಿಸುವ ವಾಡಿಕೆಯಿಲ್ಲ.

ಇದೇ ದಿನಗಳಲ್ಲಿ ಭೂಮಂಡಲದ ಉತ್ತರದ ಅಂಚಿನಲ್ಲಿರುವ ಫಿನ್ಲೆಂಡ್ ದೇಶದಲ್ಲಿಯೂ ಒಲೆಯ ಮೇಲೆ ಅಕ್ಕಿ ಬೇಯುತ್ತಿರುತ್ತದೆ. ಡಿಸೆಂಬರ್ 24ರ ಬೆಳಿಗ್ಗೆ ಅಲ್ಲಿನ ಮನೆಮನೆಯಲ್ಲಿ ಹಾಲಿನಲ್ಲಿ ಅಕ್ಕಿ ಬೇಯಿಸಿ, ಸಕ್ಕರೆ, ದಾಲ್ಚಿನ್ನಿ ಉದುರಿಸಿ ತಿನ್ನುತ್ತಾರೆ. ಪಾಯಸವೆಂದೇ ಹೇಳಬೇಕು, ಆದರೆ ಅದಕ್ಕಿಂತ ಗಟ್ಟಿ. ಪಾತ್ರೆಗೆಲ್ಲ ಒಂದೇ ಒಂದು ಬಾದಾಮಿ ಹಾಕಿರುತ್ತಾರೆ. ಅದು ಯಾರ ತಟ್ಟೆಗೆ ಬಿದ್ದಿತೋ ಅವರಿಗೆ ಆ ವರ್ಷವೆಲ್ಲ ಶುಭ, ಮದುವೆಯಾಗದವರಾದರೆ ಮದುವೆ. ಆ ದೇಶದಲ್ಲಿ ಬತ್ತ ಬೆಳೆಯುವುದಿಲ್ಲ. ಹಿಂದೆ ಜವೆಗೋಧಿಯ ಗಂಜಿಯಿದ್ದ ಕಡೆ ಹಡಗಿನಲ್ಲಿ ಬಂದ ಅಕ್ಕಿ ಹಬ್ಬದ ಭೋಗವಾಗಿ ಕುಳಿತಿತು. ದಿನವೂ ಅನ್ನವುಣ್ಣುವ ಊರಿನವರಿಗೆ ಇದು ಸೋಜಿಗವೆನಿಸಬಹುದು.

ಈ ಬಾದಾಮಿಯ ಪಾಯಸವನ್ನು ಬಿಟ್ಟು ಹದಿನಾರು-ಹದಿನೇಳರ ಹುಡುಗಿಯೊಬ್ಬಳು ವಿದ್ಯಾರ್ಥಿ ವಿನಿಮಯದ ಏರ್ಪಾಟಿನಲ್ಲಿ ಒಂದು ವರ್ಷದ ಮಟ್ಟಿಗೆ ಅಮೆರಿಕದ ಯಾವುದೋ ಮನೆಗೆ ಬಂದಿರುತ್ತಾಳೆ ಎನ್ನೋಣ. ಮನೆಯವರು ಒಳ್ಳೆಯವರು, ಶಾಲೆ ಒಳ್ಳೆಯದು, ಊಟಕ್ಕೆ ಕಡಿಮೆಯಿಲ್ಲ. ಸೆಪ್ಟೆಂಬರ್, ಅಕ್ಟೋಬರ್ ಕಳೆಯುತ್ತವೆ. ಡಿಸೆಂಬರ್ ಬಂದಾಗ ಮಾತ್ರ ಆಕೆಯ ಮುಖ ಬಾಡುತ್ತದೆ. ಪರಸ್ಥಳದಲ್ಲಿರುವವರಿಗೆ ಊರಿನ ನೆನಪು ಹಸಿವಿನ ಹೊತ್ತಿಗಿಂತ ಹಬ್ಬದ ಹೊತ್ತಿಗೇ ಹೆಚ್ಚು. ಆಗ ಆ ಮನೆಯ ಗೃಹಿಣಿ ಏನು ಮಾಡಬೇಕು? ತನ್ನ ಹಬ್ಬವನ್ನು ಮಗುವಿನ ಮೇಲೆ ಹೊರಿಸಬೇಕೆ? ಅವಳ ಹಬ್ಬಕ್ಕಾಗಿ ತನ್ನದನ್ನು ಬಿಡಬೇಕೆ? ಎರಡನ್ನೂ ಒಂದೇ ಪಾತ್ರೆಗೆ ಸುರಿದು ಕಲಸಬೇಕೆ?

ಈ ಪ್ರಶ್ನೆ ಕಡೂರು ಸೀಮೆಯ ಹಿರಿಯರಿಗೆ ತೀರ ಹೊಸದೇನಲ್ಲ. ಹಳೆಯ ಮೈಸೂರಿನ ಊರುಗಳಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಓದುವುದಕ್ಕೆಂದು ಹಳ್ಳಿಯಿಂದ ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಏಳು ಮನೆಗಳಲ್ಲಿ ಉಂಡು ವಿದ್ಯೆ ಕಲಿಯುತ್ತಿದ್ದ. ಹಬ್ಬ ಯಾವ ವಾರ ಬಂದಿತೋ ಆ ವಾರದ ಮನೆಯ ಹೋಳಿಗೆ ಅವನಿಗೆ. ಕೆಲವು ಮನೆಗಳಲ್ಲಿ ಅವನು ಎಲೆಯ ಸಾಲಿನ ಕೊನೆಯಲ್ಲಿ ಕೂತು ತಲೆ ತಗ್ಗಿಸಿ ಉಂಡು ಏಳುತ್ತಿದ್ದ, ಕೆಲವು ಮನೆಗಳಲ್ಲಿ ಆ ಮನೆಯಾಕೆ, “ನಿಮ್ಮ ಊರಲ್ಲಿ ಈ ಹಬ್ಬಕ್ಕೆ ಏನು ಮಾಡ್ತಾರಪ್ಪಾ?” ಎಂದು ಕೇಳುತ್ತಿದ್ದಳು. ಎರಡು ಬಗೆಯ ಮನೆಗಳಿಗೂ ಇದ್ದ ಅಂತರ ಆ ಒಂದು ಪ್ರಶ್ನೆಯಷ್ಟೇ. ಅನ್ನ ಎರಡು ಕಡೆಯೂ ಒಂದೇ.

ಸಾಲದ ಹಣದಲ್ಲಿ ವಿದ್ಯೆ

ಫಿನ್ಲೆಂಡಿನ ವಿದ್ಯಾರ್ಥಿಗಳು ಅಮೆರಿಕಕ್ಕೆ ಹೋಗುವಂತಾದುದರ ಹಿಂದೆ ಕತೆಗಿಂತಲೂ ಸ್ವಾರಸ್ಯವಾದ ಒಂದು ಸಂಗತಿಯಿದೆ. ಫಿನ್ಲೆಂಡ್ 1917ರ ಡಿಸೆಂಬರ್ 6ರಂದು ರಷ್ಯದಿಂದ ಸ್ವತಂತ್ರವಾಯಿತು. ಸ್ವಾತಂತ್ರ್ಯದ ಬೆನ್ನಿಗೇ ಅಂತರ್ಯುದ್ಧ. ಅದರ ಬೆನ್ನಿಗೆ ಹಸಿವು. ರಷ್ಯದಿಂದ ಬರುತ್ತಿದ್ದ ಧಾನ್ಯ ನಿಂತುಹೋಗಿತ್ತು. ಮುಂದೆ ಅಮೆರಿಕದ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ಆಗ ಯುರೋಪಿನ ಅನ್ನಪರಿಹಾರದ ಹೊಣೆ ಹೊತ್ತಿದ್ದರು. 1919ರಲ್ಲಿ ಅಮೆರಿಕ ಸುಮಾರು 83 ಲಕ್ಷ ಡಾಲರಿನ ಆಹಾರವನ್ನು ಸಾಲವಾಗಿ ಕಳುಹಿಸಿತು. ಬಡ್ಡಿ ಸೇರಿ ಅದು 90 ಲಕ್ಷವೆಂದು 1923ರಲ್ಲಿ ಪತ್ರವಾಯಿತು. 62 ವರ್ಷಗಳಲ್ಲಿ ತೀರಿಸಬೇಕೆಂದು ಒಪ್ಪಂದ.

ಆ ಕಾಲದಲ್ಲಿ ಅಮೆರಿಕಕ್ಕೆ ಸಾಲಗಾರರಾಗಿದ್ದ ರಾಷ್ಟ್ರಗಳು ಹಲವು. ಅವುಗಳಲ್ಲಿ ಮಹಾ ಸಾಮ್ರಾಜ್ಯಗಳೂ ಇದ್ದುವು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಕೈಯೆತ್ತಿದರು. ಕಂತು ಕಟ್ಟುತ್ತ ಉಳಿದುದು ಫಿನ್ಲೆಂಡ್ ಒಂದೇ. 1939ರ ನವೆಂಬರ್ 30ರಂದು ಸೋವಿಯೆತ್ ಸೈನ್ಯ ಅದರ ಗಡಿಯನ್ನು ದಾಟಿ, ನಗರಗಳ ಮೇಲೆ ಬಾಂಬು ಬೀಳುತ್ತಿದ್ದಾಗಲೂ ಡಿಸೆಂಬರಿನ ಕಂತು ಅಮೆರಿಕಕ್ಕೆ ಸಂದಿತು. ಯುದ್ಧ ಮುಂದುವರಿದ ವರ್ಷಗಳಲ್ಲಿ ಕೆಲವು ಕಂತುಗಳು ಮುಂದಕ್ಕೆ ಹೋದುವೇ ಹೊರತು ಮುಳುಗಲಿಲ್ಲ. ಸಾಲವೆಂದರೆ ಶೂಲವೆಂಬುದನ್ನು ಬಲ್ಲ ರೈತನ ಮನೆತನದಂತೆ ಆ ಚಿಕ್ಕ ದೇಶ ನಡೆದುಕೊಂಡಿತು.

ಇದನ್ನು ಕಂಡು ಅಮೆರಿಕದವರಿಗೆ ಸಂಕೋಚವಾಯಿತೋ ಮೆಚ್ಚುಗೆಯಾಯಿತೋ, 1949ರ ಆಗಸ್ಟಿನಲ್ಲಿ ಅಲ್ಲಿನ ಕಾಂಗ್ರೆಸ್ ಒಂದು ಶಾಸನ ಮಾಡಿತು: ಇನ್ನು ಮುಂದೆ ಫಿನ್ಲೆಂಡ್ ಕಟ್ಟುವ ಹಣ ಬೊಕ್ಕಸಕ್ಕೆ ಸೇರಕೂಡದು, ಫಿನ್ಲೆಂಡಿನವರು ಅಮೆರಿಕದಲ್ಲಿಯೂ ಅಮೆರಿಕದವರು ಫಿನ್ಲೆಂಡಿನಲ್ಲಿಯೂ ಓದುವುದಕ್ಕೆ, ಪುಸ್ತಕಗಳಿಗೆ, ಉಪಕರಣಗಳಿಗೆ ಅದು ವಿನಿಯೋಗವಾಗಬೇಕು. ವಿದ್ಯಾರ್ಥಿಗಳು, ಅಧ್ಯಾಪಕರು, ತಾಂತ್ರಿಕ ನಿಪುಣರು ಈ ಹಣದಿಂದ ಸಮುದ್ರ ದಾಟಿದರು. ಅಜ್ಜ ಉಂಡ ರೊಟ್ಟಿಯ ಋಣ ಮೊಮ್ಮಗನ ಹಡಗಿನ ಚೀಟಿಯಾಯಿತು! ಸಾಲ 1976ರಲ್ಲಿ, ಗಡುವಿಗೆ ಮೊದಲೇ, ತೀರಿತು, ವಿನಿಮಯ ನಿಲ್ಲಲಿಲ್ಲ.

ಭಾರತಕ್ಕೂ ಇಂತಹದೇ ಒಂದು ಅನುಭವವಿದೆಯೆಂಬುದನ್ನು ಮರೆಯಬಾರದು. 1951ರ ಧಾನ್ಯದ ಅಭಾವದಲ್ಲಿ ಅಮೆರಿಕ 19 ಕೋಟಿ ಡಾಲರಿನ ಗೋಧಿ ಸಾಲ ಕೊಟ್ಟಾಗ, ಬಡ್ಡಿಯಲ್ಲಿ 50 ಲಕ್ಷ ಡಾಲರುಗಳವರೆಗೆ ವಿದ್ಯಾವಿನಿಮಯಕ್ಕೇ ಮೀಸಲಿಡಬೇಕೆಂದು ಆ ಶಾಸನದಲ್ಲಿಯೇ ಬರೆದರು. ಅದಕ್ಕೆ ಒಂದು ವರ್ಷ ಮೊದಲು, 1950ರ ಫೆಬ್ರವರಿಯಲ್ಲಿ, ಫುಲ್‌ಬ್ರೈಟ್ ಒಪ್ಪಂದಕ್ಕೆ ದೆಹಲಿಯಲ್ಲಿ ರುಜುವಾಗಿತ್ತು. ಹಸಿದವನಿಗೆ ಕೊಟ್ಟ ಧಾನ್ಯ ಕೊನೆಗೆ ವಿದ್ಯೆಯಾಗಿ ತಿರುಗಿ ಬರುವ ಈ ದಾರಿ ಎರಡೂ ದೇಶಗಳಿಗೆ ಸಮಾನ.

ದೊಡ್ಡವರಿಗೆ ವಿದ್ಯಾರ್ಥಿವೇತನ, ವಸತಿಗೃಹಗಳಿದ್ದರೆ ಸಾಕು. ಹೈಸ್ಕೂಲಿನ ಮಕ್ಕಳಿಗೆ ಮನೆಯೇ ಬೇಕು. ಯುದ್ಧದಲ್ಲಿ ಗಾಯಾಳುಗಳನ್ನು ಹೊರುತ್ತಿದ್ದ ಸ್ವಯಂಸೇವಕ ಚಾಲಕರ ಸಂಘವಾದ ಅಮೆರಿಕನ್ ಫೀಲ್ಡ್ ಸರ್ವಿಸ್ ಯುದ್ಧ ಮುಗಿದ ಮೇಲೆ ಗಾಡಿಗಳನ್ನು ಬಿಟ್ಟು ಈ ಕೆಲಸಕ್ಕೆ ಕೈಹಾಕಿತು. 1947ರಲ್ಲಿ ಹತ್ತು ದೇಶಗಳ 52 ಮಕ್ಕಳು ಅಮೆರಿಕದ ಸಂಸಾರಗಳಿಗೆ ಬಂದಿಳಿದರು. ಬಂದ ಮಗು ಬಾಡಿಗೆಯ ಅತಿಥಿಯಲ್ಲ. ಆ ಮನೆಯ ಮಗ ಅಥವಾ ಮಗಳು. ಮನೆಯೊಡತಿಯನ್ನು ಅಮ್ಮ ಎಂದೇ ಕರೆಯಬಹುದು. ರೋಟರಿ ಸಂಸ್ಥೆಯೂ ಇದೇ ದಾರಿಯಲ್ಲಿ ನಡೆಯಿತು.

ಬಾಗಿಲಿನಿಂದ ಬರುವವನು, ಹೊಗೆಗೂಡಿನಿಂದ ಇಳಿಯುವವನು

ಫಿನ್ಲೆಂಡಿನ ಕ್ರಿಸ್ಮಸ್ ಕತ್ತಲೆಯ ಹಬ್ಬ. ಕಡೂರಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲೂ ಹನ್ನೊಂದು ಗಂಟೆಗೆ ಮೇಲಿರುತ್ತದೆ. ಫಿನ್ಲೆಂಡಿನ ತುರ್ಕು ನಗರದಲ್ಲಿ ಆರು ಗಂಟೆಯೂ ಇರುವುದಿಲ್ಲ. ದೇಶದ ಉತ್ತರದ ತುದಿಯಲ್ಲಂತೂ ಸುಮಾರು ಐವತ್ತು ದಿನ ಸೂರ್ಯನೇ ಮೂಡುವುದಿಲ್ಲ. ಅಂತಹ ಇರುಳಿನಲ್ಲಿ ದೀಪಕ್ಕಿರುವ ಬೆಲೆಯನ್ನು ವಿದ್ಯುತ್ತು ಕೆಟ್ಟ ಅಮಾವಾಸ್ಯೆಯ ರಾತ್ರಿ ಹಳ್ಳಿಯಲ್ಲಿದ್ದವರು ಅಲ್ಪಸ್ವಲ್ಪ ಊಹಿಸಬಹುದು.

ಹಬ್ಬದ ಆರಂಭ 24ರ ಮಧ್ಯಾಹ್ನ ಹನ್ನೆರಡು ಗಂಟೆಗೆ, ತುರ್ಕುವಿನಲ್ಲಿ. ಬ್ರಿಂಕ್ಕಲ ಎಂಬ ಹಳೆಯ ಮನೆಯ ಮೊಗಸಾಲೆಯಿಂದ ಅಧಿಕಾರಿಯೊಬ್ಬರು ಚರ್ಮದ ಸುರುಳಿಯನ್ನು ಬಿಚ್ಚಿ ಫಿನ್ನಿಷ್ ಮತ್ತು ಸ್ವೀಡಿಷ್ ಭಾಷೆಗಳಲ್ಲಿ ‘ಕ್ರಿಸ್ಮಸ್ ಶಾಂತಿ’ಯನ್ನು ಸಾರುತ್ತಾರೆ. ಹಬ್ಬದ ಶಾಂತಿಯನ್ನು ಕೆಡಿಸಿದವನಿಗೆ ಮಾಮೂಲಿಗಿಂತ ಹೆಚ್ಚಿನ ಶಿಕ್ಷೆಯಾಗುವುದೆಂದು ಅದರ ಎಚ್ಚರಿಕೆ. ಹದಿನಾಲ್ಕನೆಯ ಶತಮಾನದಿಂದ ನಡೆದುಬಂದ ಪದ್ಧತಿಯಿದು. 1827ರಲ್ಲಿ ಊರಿಗೆ ಬೆಂಕಿ ಬಿದ್ದು ಮೂಲ ಪತ್ರ ಸುಟ್ಟುಹೋದಾಗ ನೆನಪಿನಿಂದಲೇ ಮತ್ತೆ ಬರೆದರು. 1935ರಿಂದ ರೇಡಿಯೋ ಇದನ್ನು ದೇಶಕ್ಕೆಲ್ಲ ಕೇಳಿಸುತ್ತಿದೆ. 1939ರಲ್ಲಿ ಮಾತ್ರ ವಿಮಾನ ದಾಳಿಯ ಭಯದಿಂದ ಚೌಕದಲ್ಲಿ ಶಾಂತಿ ಸಾರಲಾಗಲಿಲ್ಲ.

ಶಾಂತಿ ಸಾರಿದ ಮೇಲೆ ಎಲ್ಲರೂ ಸ್ಮಶಾನಕ್ಕೆ ಹೋಗುತ್ತಾರೆ. ಹಬ್ಬದ ದಿನ ಸ್ಮಶಾನವೆ ಎಂದು ವಾಚಕರು ಹುಬ್ಬೇರಿಸಬಹುದು. ಆದರೆ ಹಿಮದ ಮೇಲೆ ಸಾವಿರಾರು ಮೇಣದ ದೀಪಗಳು ಉರಿಯುವ ಆ ಸಂಜೆ ಅಲ್ಲಿನವರಿಗೆ ಹಬ್ಬದ ಹೃದಯವಿದ್ದಂತೆ. ಅಜ್ಜನ ಸಮಾಧಿಯ ಮೇಲೊಂದು, ಯುದ್ಧದಲ್ಲಿ ಮಡಿದ ಚಿಕ್ಕಪ್ಪನ ಸಮಾಧಿಯ ಮೇಲೊಂದು. ಯಾರ ಹಿರಿಯರ ಸಮಾಧಿ ದೂರದಲ್ಲಿದೆಯೋ ಅವರಿಗಾಗಿ ಸ್ಮಶಾನಗಳಲ್ಲಿ ‘ಬೇರೆಡೆ ಮಣ್ಣಾದವರ’ ನೆನಪಿನ ಕಲ್ಲು ಇರುತ್ತದೆ; ಅದರ ಮುಂದೆ ಅವರು ದೀಪವಿಡುತ್ತಾರೆ. ಯುದ್ಧದ ನಂತರ ಕರೇಲಿಯ ಪ್ರಾಂತವನ್ನು ಸೋವಿಯೆತ್ ದೇಶಕ್ಕೆ ಬಿಟ್ಟುಕೊಡಬೇಕಾಗಿ ಬಂದಾಗ ನಾಲ್ಕು ಲಕ್ಷಕ್ಕೂ ಮೇಲ್ಪಟ್ಟು ಜನ ಮನೆಮಠ ಬಿಟ್ಟು ಬಂದಿದ್ದರು. ಹಿರಿಯರನ್ನು ಹೊತ್ತು ತರಲಾದೀತೆ? ಅವರ ದೀಪಗಳೆಲ್ಲ ಇಂತಹ ಕಲ್ಲಿನ ಮುಂದೆಯೇ ಉರಿದವು. ಮಹಾಲಯ ಅಮಾವಾಸ್ಯೆಗೆ ಎಳ್ಳುನೀರು ಬಿಡುವ, ಹಿರಿಯರ ಹೆಸರಿನಲ್ಲಿ ಎಡೆಯಿಡುವ ಮನೆಗಳಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಅಲ್ಲಿಂದ ಬಂದು ಸೌನಾ ಎಂಬ ಕಾದ ಕಲ್ಲಿನ ಹಬೆಯ ಕೋಣೆಯಲ್ಲಿ ಸ್ನಾನ. ದೀಪಾವಳಿಯ ಎಣ್ಣೆಸ್ನಾನಕ್ಕಿರುವಷ್ಟೇ ಮರ್ಯಾದೆ ಅದಕ್ಕೂ. ಮಿಂದು ಶುಚಿಯಾಗದೆ ಹಬ್ಬವಿಲ್ಲ. ಹಿಂದಿನ ಕಾಲದ ಹಳ್ಳಿಗರು ಆ ದಿನ ಕೊಟ್ಟಿಗೆಯ ದನಗಳಿಗೂ ಹೆಚ್ಚಿನ ಮೇವು ಹಾಕುತ್ತಿದ್ದರು. ಹಕ್ಕಿಗಳಿಗೆಂದು ತೆನೆಯ ಕಟ್ಟನ್ನು ಅಂಗಳದಲ್ಲಿ ಗಳುವಿಗೆ ಕಟ್ಟುತ್ತಿದ್ದರು. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದವರು, ಬಲಿಪಾಡ್ಯಮಿಯ ದಿನ ದನಗಳ ಕೊಂಬಿಗೆ ಬಣ್ಣ ಬಳಿಯುವವರು, ಇದನ್ನು ಕೇಳಿದರೆ “ಅವರೂ ನಮ್ಮಂಥವರೇ” ಎಂದಾರು. ರಾತ್ರಿಯ ಊಟಕ್ಕೆ ಹಂದಿಯ ತೊಡೆಯ ಮಾಂಸ, ಗೆಡ್ಡೆ, ಕ್ಯಾರೆಟ್, ಆಲೂಗೆಡ್ಡೆಗಳನ್ನು ಒಲೆಗೂಡಿನಲ್ಲಿ ಬೇಯಿಸಿದ ಪದಾರ್ಥಗಳು, ಬೀಟ್‌ರೂಟಿನ ಒಂದು ಬಗೆಯ ಕೋಸಂಬರಿ, ನಕ್ಷತ್ರದ ಆಕಾರದ ಸಿಹಿ ಕಡುಬು.

ಆಮೇಲೆ ಬಾಗಿಲು ತಟ್ಟುವ ಸದ್ದು. ಕೆಂಪು ಅಂಗಿಯ, ಬಿಳಿ ಗಡ್ಡದ ಯೌಲುಪುಕ್ಕಿ ಕೋಲೂರಿಕೊಂಡು ಒಳಗೆ ಬಂದು, ಈ ಮನೆಯಲ್ಲಿ ಒಳ್ಳೆಯ ಮಕ್ಕಳಿದ್ದಾರೆಯೇ ಎಂದು ವಿಚಾರಿಸುತ್ತಾನೆ. ಮಕ್ಕಳು ಅವನಿಗೆ ಹಾಡು ಹೇಳುತ್ತಾರೆ. ಅವನು ಕಾಣಿಕೆಗಳನ್ನು ಕೈಯಾರೆ ಕೊಡುತ್ತಾನೆ. ಆ ಹೆಸರಿನ ಅರ್ಥ ‘ಹಬ್ಬದ ಹೋತ’ ಎಂದು! ಹಿಂದೆ ಯುವಕರು ತುಪ್ಪುಳಿನ ಅಂಗಿಯನ್ನು ತಿರುವು ಮುರುವು ತೊಟ್ಟು, ಕೊಂಬಿನ ಮುಖವಾಡವಿಟ್ಟು ಮನೆಮನೆಗೆ ತಿರುಗಿ ತಿಂಡಿ ಬೇಡುತ್ತಿದ್ದರು. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ದೀಪ ಹಿಡಿದು ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ದೂರದ ನಂಟರೆನ್ನಬಹುದು. ಆ ಹೋತ ಕಾಲಕ್ರಮದಲ್ಲಿ ಅಜ್ಜನಾಯಿತು. ಅವನ ವಾಸ ಲ್ಯಾಪ್‌ಲೆಂಡಿನ ಕೊರ್ವತುಂತುರಿ ಬೆಟ್ಟವೆಂದು 1927ರಲ್ಲಿ ರೇಡಿಯೋದ ಮಕ್ಕಳ ಕಾರ್ಯಕ್ರಮದಲ್ಲಿ ಮಾರ್ಕುಸ್ ರೌತಿಯೊ ಹೇಳಿದರು; ಅಂದಿನಿಂದ ಅದೇ ವಿಳಾಸ.

ಅಮೆರಿಕದ ಸಾಂತಾ ಕ್ಲಾಸನ ರೀತಿ ಬೇರೆ. ಅವನು ಯಾರ ಕಣ್ಣಿಗೂ ಬೀಳುವುದಿಲ್ಲ. ಮಕ್ಕಳು ಕಾಲುಚೀಲ ತೂಗುಹಾಕಿ, ಅವನಿಗೆಂದು ಬಿಸ್ಕತ್ತು-ಹಾಲು ಇಟ್ಟು ಮಲಗಬೇಕು. ನಡುರಾತ್ರಿ ಅವನು ಹೊಗೆಗೂಡಿನಲ್ಲಿ ಇಳಿದು ಕಾಣಿಕೆಯಿಟ್ಟು ಹೋಗಬೇಕು. 25ರ ನಸುಕಿನಲ್ಲಿ ಮಕ್ಕಳು ಮಲಗಿದ್ದ ಉಡುಪಿನಲ್ಲಿಯೇ ಓಡಿಬಂದು ಪೊಟ್ಟಣಗಳನ್ನು ಹರಿಯಬೇಕು. 1823ರಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಪತ್ರಿಕೆಯಲ್ಲಿ ಅಚ್ಚಾದ ಒಂದು ಪದ್ಯ ಅವನಿಗೆ ಎಂಟು ಹಿಮಸಾರಂಗಗಳನ್ನು ಕೊಟ್ಟಿತು. 1863ರಿಂದ ಥಾಮಸ್ ನ್ಯಾಸ್ಟ್ ಎಂಬ ಚಿತ್ರಕಾರ ಅವನಿಗೆ ಮುಖವನ್ನೂ ಹೊಟ್ಟೆಯನ್ನೂ ಕೊಟ್ಟ. ಇಷ್ಟು ಸಂಭ್ರಮದ ಅಮೆರಿಕದಲ್ಲಿಯೇ ಒಂದು ಕಾಲಕ್ಕೆ, ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರವರೆಗೆ, ಕ್ರಿಸ್ಮಸ್ ಆಚರಿಸಿದವರಿಗೆ ಐದು ಷಿಲಿಂಗ್ ದಂಡವಿತ್ತೆಂದರೆ ನಂಬುವುದು ಕಷ್ಟ. ಕ್ರಿಸ್ಮಸ್ ಅಲ್ಲಿ ರಾಷ್ಟ್ರೀಯ ರಜೆಯಾದುದು 1870ರಲ್ಲಿ.

ಹೊತ್ತಿಗೊಂದು ಹಬ್ಬ

ಈಗ ಆ ಗೃಹಿಣಿಯ ಪ್ರಶ್ನೆಗೆ ಬರೋಣ. ಎರಡನ್ನೂ ಕಲಸಿದರೆ ಎರಡೂ ಕೆಡುತ್ತವೆ. ಬಾಗಿಲಿನಿಂದ ಬಂದವನೇ ಹೊಗೆಗೂಡಿನಿಂದಲೂ ಇಳಿದನೆಂದರೆ ಮನೆಯ ಚಿಕ್ಕ ಮಕ್ಕಳು ಸುಮ್ಮನಿದ್ದಾರೆಯೇ? ಆದರೆ ಗಡಿಯಾರವನ್ನು ನೋಡಿದರೆ ತೊಡಕು ತಾನಾಗಿ ಬಿಡಿಸಿಕೊಳ್ಳುತ್ತದೆ. ಫಿನ್ಲೆಂಡಿನ ಹಬ್ಬ 24ರ ಮಧ್ಯಾಹ್ನದಿಂದ ರಾತ್ರಿಯವರೆಗೆ. ಅಮೆರಿಕದ್ದು 25ರ ಬೆಳಗಿನಿಂದ. ಒಂದು ಮುಗಿದ ಮೇಲೆಯೇ ಇನ್ನೊಂದರ ಆರಂಭ! ಫಿನ್ಲೆಂಡಿನ ಗಡಿಯಾರ ನ್ಯೂಯಾರ್ಕಿನದಕ್ಕಿಂತ ಏಳು ಗಂಟೆ ಮುಂದು. ಮುದುಕ ಮೊದಲು ತನ್ನ ಊರಿನ ಮನೆಗಳಿಗೆ ಬಾಗಿಲಿನಿಂದ ಹೋಗುತ್ತಾನೆ, ಅಟ್ಲಾಂಟಿಕ್ ದಾಟುವ ಹೊತ್ತಿಗೆ ನಡುರಾತ್ರಿಯಾಗಿ ಮಕ್ಕಳು ಮಲಗಿರುವುದರಿಂದ ಹೊಗೆಗೂಡಿನಿಂದ ಇಳಿಯುತ್ತಾನೆ ಎಂದು ಹೇಳಿದರೆ, ಆರು ವರ್ಷದ ತರ್ಕಶಾಸ್ತ್ರಿಗೂ ತಕರಾರಿರಲಾರದು.

ಹೀಗೆ 24ರ ಸಂಜೆಯನ್ನು ಪೂರ್ತಿಯಾಗಿ ಅತಿಥಿಗೆ ಬಿಟ್ಟುಕೊಡುವುದೇ ಜಾಣತನ. ಆ ಸಂಜೆ ಆಕೆ ಅತಿಥಿಯಲ್ಲ, ಯಜಮಾನಿ. ಪಾಯಸ ಕಲಕುವವಳು ಅವಳು. ಬಾದಾಮಿಯನ್ನು ಅಡಗಿಸುವವಳು ಅವಳು. ದೀಪವನ್ನು ಎಲ್ಲಿಡಬೇಕೆಂದು ಹೇಳುವವಳು ಅವಳು. ಉಪಚಾರ ಮಾಡಿಸಿಕೊಂಡೇ ನಾಲ್ಕು ತಿಂಗಳು ಕಳೆದ ಮಗುವಿಗೆ ಉಪಚಾರ ಮಾಡುವ ಅವಕಾಶವೇ ಎಲ್ಲಕ್ಕಿಂತ ದೊಡ್ಡ ಕಾಣಿಕೆ. ಪರರ ಮನೆಯಲ್ಲಿ ಬೆಳೆದವರು ಯಾರನ್ನು ಕೇಳಿದರೂ ಇದನ್ನು ಒಪ್ಪುತ್ತಾರೆ. ಮರುದಿನ ಬೆಳಿಗ್ಗೆ ಅವಳ ಹೆಸರಿನ ಕಾಲುಚೀಲವೂ ಮನೆಯ ಮಕ್ಕಳ ಸಾಲಿನಲ್ಲಿ ತೂಗಬೇಕು; ಅಂದು ಆಕೆ ಮನೆಯ ಮಗಳು.

ಈ ಹೊಂದಾಣಿಕೆ ಅಮೆರಿಕದಲ್ಲಿ ಹೊಸದೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಲಕ್ಷಗಟ್ಟಲೆ ಫಿನ್ನರು ಮಿಷಿಗನ್ನಿನ ತಾಮ್ರದ ಗಣಿಗಳಿಗೂ ಮಿನೆಸೋಟದ ಕಬ್ಬಿಣದ ಗಣಿಗಳಿಗೂ ಹೋಗಿ ನೆಲೆಸಿದರು. ಹ್ಯಾನ್ಕಾಕ್ ಎಂಬ ಊರಿನಲ್ಲಿ 1896ರಲ್ಲಿ ಒಂದು ಕಾಲೇಜನ್ನೇ ಕಟ್ಟಿದರು. ಅದು 2023ರಲ್ಲಿ ಮುಚ್ಚಿತಾದರೂ ಆ ಸೀಮೆಯ ಮನೆಗಳ ಹಿಂದಿನ ಸೌನಾಗಳು ಇನ್ನೂ ಆರಿಲ್ಲ.

ಕಡೂರಿನ ಮನೆಗೆ ಬಂದರೆ

ಬೀರೂರು ಜಂಕ್ಷನ್ನಿನಲ್ಲಿ ರೈಲುಹಾದಿ ಕವಲಾಗಿ ಒಂದು ಅಜ್ಜಂಪುರದ ಕಡೆಗೆ, ಇನ್ನೊಂದು ತರೀಕೆರೆಯ ಕಡೆಗೆ ಹೋಗುತ್ತದೆ. ಅಮೆರಿಕದಲ್ಲಿ ಒಂದು ವರ್ಷ ಕಳೆದು ಅಲ್ಲಿನ ಕಾಲುಚೀಲವನ್ನೂ ಮೆಚ್ಚಿಕೊಂಡ ಅಂತಹದೇ ಫಿನ್ಲೆಂಡಿನ ಹುಡುಗಿ ಒಂದು ಡಿಸೆಂಬರಿನಲ್ಲಿ ಈ ಹಾದಿಯ ಯಾವುದಾದರೂ ಊರಿನ ಮನೆಗೆ ಅತಿಥಿಯಾಗಿ ಬಂದಳೆನ್ನೋಣ. ಮನೆಯವರು ಯಾವ ಮತದವರೂ ಆಗಿರಬಹುದು. ಹಿಮವಿಲ್ಲ, ಹೊಗೆಗೂಡಿಲ್ಲ, ಒಲೆಗೂಡಿಲ್ಲ. ಹಬ್ಬಕ್ಕೆ ಏನು ಗತಿ?

ಬೇಕಾದುದರಲ್ಲಿ ಹೆಚ್ಚಿನದು ಮನೆಯಲ್ಲಿಯೇ ಇದೆ. ತುರ್ಕುವಿನಲ್ಲಿ ಹನ್ನೆರಡು ಹೊಡೆದಾಗ ಇಲ್ಲಿ ಮಧ್ಯಾಹ್ನ ಮೂರೂವರೆ. ಶಾಂತಿ ಸಾರುವುದನ್ನು ಈಗ ಮೊಬೈಲಿನಲ್ಲಿಯೇ ಅದೇ ಕ್ಷಣ ನೋಡಬಹುದಾದುದರಿಂದ, ಮನೆಮಂದಿಯೆಲ್ಲ ಚಾಪೆಯ ಮೇಲೆ ಕೂತು ಅದನ್ನು ಕೇಳಿ ಹಬ್ಬವನ್ನು ಆರಂಭಿಸಬಹುದು. ಭಾಷೆ ತಿಳಿಯದಿದ್ದರೇನು? ಮಂತ್ರವೂ ಎಲ್ಲರಿಗೂ ತಿಳಿಯುವುದಿಲ್ಲ. ಸೌನಾದ ಬದಲು ಬಚ್ಚಲಿನ ಹಂಡೆಯಿದೆ. ಅಜ್ಜಿ ನೆತ್ತಿಗೆ ಎಣ್ಣೆಯೊತ್ತಿ, ಸೀಗೆಪುಡಿ ಹಚ್ಚಿ ನೀರೆರೆದರೆ ಆ ಹುಡುಗಿ ಲ್ಯಾಪ್‌ಲೆಂಡನ್ನು ಅರೆಗಳಿಗೆ ಮರೆತಾಳು. ಪಾಯಸ ಹೇಗೂ ಸರಿ. ಬೆಲ್ಲ ಹಾಕದೆ, ಏಲಕ್ಕಿಯ ಬದಲು ದಾಲ್ಚಿನ್ನಿ ಉದುರಿಸಿದರೆ ಆಕೆಯ ಅಮ್ಮನ ಕೈರುಚಿ ಬಂದೀತು. ಒಂದೇ ಬಾದಾಮಿ ಹಾಕಬೇಕೆಂಬುದನ್ನು ಮಾತ್ರ ಇಲ್ಲಿನ ಗೃಹಿಣಿಯರಿಗೆ ಒತ್ತಿ ಹೇಳಬೇಕು. ಅತಿಥಿ ಬಂದಾಗ ಹಿಡಿಗಟ್ಟಲೆ ಸುರಿಯುವುದು ಅವರ ಸ್ವಭಾವ!

ನಕ್ಷತ್ರದ ಕಡುಬಿಗೆ ಫಿನ್ಲೆಂಡಿನಲ್ಲಿ ಒಣ ಪ್ಲಮ್ ಹಣ್ಣಿನ ಹೂರಣ. ಇಲ್ಲಿ ಖರ್ಜೂರವನ್ನು ಅರೆದು ತುಂಬಬಹುದು. ಮೈದಾಹಿಟ್ಟಿನ ಚೌಕ ಲಟ್ಟಿಸಿ, ನಾಲ್ಕು ಮೂಲೆ ಸೀಳಿ, ಒಂದೊಂದು ತುದಿಯನ್ನು ನಡುವಿಗೆ ಮಡಿಸಿದರೆ ಗಾಳಿಪಟದಂತಹ ನಕ್ಷತ್ರ. ಕರಜಿಕಾಯಿಗೆ ಕಲಸಿದ ಹಿಟ್ಟೇ ಸಾಕು, ಒಲೆಗೂಡಿಲ್ಲದಿದ್ದರೆ ಕರಿದರಾಯಿತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆಂದು ಮಾಡುವ ಕುಸ್ವಾರಿನಲ್ಲಿರುವ ನೆವ್ರಿಯೂ ಕರಜಿಕಾಯಿಯ ತಂಗಿಯೇ. ನೆರೆಹೊರೆಯ ಹಿಂದೂ, ಮುಸಲ್ಮಾನರ ಮನೆಗಳಿಗೂ ತಟ್ಟೆ ಮುಚ್ಚಿ ಅದನ್ನು ಕಳಿಸುವುದು ಅಲ್ಲಿನ ವಾಡಿಕೆ. ಮಾಂಸಕ್ಕಾಗಿ ಸಸ್ಯಾಹಾರಿಗಳ ಮನೆಯವರು ತಲೆ ಕೆಡಿಸಿಕೊಳ್ಳಬೇಕಾದುದಿಲ್ಲ. ಕ್ಯಾರೆಟ್ಟು, ಆಲೂಗೆಡ್ಡೆ, ಬೀಟ್‌ರೂಟುಗಳು ಸಂತೆಯಲ್ಲಿ ಸಿಕ್ಕುತ್ತವೆ. ಫಿನ್ಲೆಂಡಿನ ಹಬ್ಬದ ಎಲೆಯ ಅರ್ಧ ಭಾಗ ಅವುಗಳದೇ.

ಮರಕ್ಕೆ ಸರ್ವೆಯ ಕೊಂಬೆ. ಅಮೆರಿಕದವರು ವಾರಗಟ್ಟಲೆ ಮುಂಚೆಯೇ ಮರ ನಿಲ್ಲಿಸುತ್ತಾರೆ. ಫಿನ್ಲೆಂಡಿನ ಹಳೆಯ ಪದ್ಧತಿ ಹಬ್ಬದ ಹಿಂದುಮುಂದಿನ ದಿನವಷ್ಟೇ. ಇಲ್ಲಿ ಎಂದು ಕೊಂಬೆ ದೊರೆಯುತ್ತದೆಯೋ ಅಂದೇ ಮುಹೂರ್ತ. ಫಿನ್ಲೆಂಡಿನವರು ರೈ ಧಾನ್ಯದ ಒಣ ಹುಲ್ಲಿನ ಕೊಳವೆಗಳಿಗೆ ದಾರ ಪೋಣಿಸಿ ಹಿಮ್ಮೆಲಿ ಎಂಬ ತೂಗುಗೊಂಚಲನ್ನು ಮಾಡಿ ಮಾಡಿಗೆ ಕಟ್ಟುತ್ತಾರೆ. ಅದು ದೊಡ್ಡದಾದಷ್ಟೂ ಮುಂದಿನ ಬೆಳೆ ಹುಲುಸೆಂದು ನಂಬಿಕೆಯಿತ್ತು. ಕಡೂರಿನ ಬಯಲಿನ ರಾಗಿಹುಲ್ಲು ಇದಕ್ಕೆ ಅಷ್ಟಾಗಿ ಒಗ್ಗದು. ತರೀಕೆರೆಯ ಕಡೆಯ ಬತ್ತದ ಹುಲ್ಲಿನ ಕಡ್ಡಿ ಟೊಳ್ಳಾಗಿರುವುದರಿಂದ ಸರಿಹೋದೀತು. ಮಲೆನಾಡಿನ ಬತ್ತದ ತೆನೆಯ ತೋರಣವನ್ನು ಹೆಣೆಯಬಲ್ಲ ಕೈಗಳಿಗೆ ಹಿಮ್ಮೆಲಿ ಒಂದು ಮಧ್ಯಾಹ್ನದ ಕೆಲಸ. ಪ್ರತಿಯಾಗಿ ತೋರಣ ಹೆಣೆಯುವುದನ್ನು ಆ ಹುಡುಗಿಗೂ ಕಲಿಸಿದರೆ ಲೆಕ್ಕ ಸರಿಯಾಯಿತು.

ಉಳಿದುದು ದೀಪ. ‘ಬೇರೆಡೆ ಮಣ್ಣಾದವರ’ ಕಲ್ಲು ಇಲ್ಲಿಲ್ಲ. ತುಳಸಿಯ ಕಟ್ಟೆಯ ಬಳಿಯೋ ಜಗಲಿಯ ಅಂಚಿನಲ್ಲೋ ಅವಳ ಅಜ್ಜನಿಗೆಂದು ಒಂದು ಹಣತೆ ಇಟ್ಟರೆ ಆಕ್ಷೇಪಿಸುವವರು ಯಾರು? ಆ ಹೊತ್ತಿನಲ್ಲಿ ಹೆಚ್ಚು ಮಾತು ಬೇಡ. ಅವಳು ಅತ್ತರೆ ಅಳಲಿ. ಮನೆಯ ಅಮ್ಮ ಪಕ್ಕದಲ್ಲಿ ಕೂತಿದ್ದರೆ ಸಾಕು.

25ರ ಬೆಳಿಗ್ಗೆ ಅಮೆರಿಕದ ಸರದಿ. ಗೋಡೆಯ ಮೊಳೆಗೆ ಮಕ್ಕಳ ಶಾಲೆಯ ಕಾಲುಚೀಲಗಳು, ಒಳಗೆ ಕಡಲೆಮಿಠಾಯಿ, ಪೆನ್ಸಿಲು, 1 ಕಿತ್ತಳೆ ಹಣ್ಣು. ಸಾಂತಾ ಕ್ಲಾಸ ಕಿಟಕಿಯ ಸರಳು ದಾಟಿ ಹೇಗೆ ಬಂದನೆಂದು ಮಕ್ಕಳು ಕೇಳಿದರೆ ಬೆಳಕಿಂಡಿಯನ್ನು ತೋರಿಸಬಹುದು. ಹೊತ್ತೇರಿದ ಮೇಲೆ ಚರ್ಚಿಗೆ ಹೋಗಿ ಗೋದಲಿಯನ್ನು ನೋಡಿಬರಬಹುದು. 26ರ ದಿನ ಫಿನ್ಲೆಂಡಿನಲ್ಲಿ ತಪಾನಿ ಹಬ್ಬ. ಹಿಂದೆ ಅಂದು ಕುದುರೆಗೆ ಗೆಜ್ಜೆ ಕಟ್ಟಿ, ಜಾರುಗಾಡಿ ಹೂಡಿ ನೆಂಟರಿಷ್ಟರ ಮನೆಗಳಿಗೆ ಸುತ್ತುತ್ತಿದ್ದರು. ಎತ್ತಿನ ಗಾಡಿಯಿರುವ ಮನೆಯವರು ಇನ್ನೂ ಉಳಿದಿದ್ದರೆ ಗೆಜ್ಜೆಯ ಸದ್ದಿನಲ್ಲಿಯೇ ತೋಟದವರೆಗೆ ಹೋಗಿಬರಬಹುದು. ಇಲ್ಲದಿದ್ದರೆ ತರೀಕೆರೆಯ ಬಳಿಯ ಅಮೃತಾಪುರಕ್ಕೆ ಬಸ್ಸಿದೆ. 1196ರ ಅಮೃತೇಶ್ವರ ದೇವಾಲಯದ ಕಲ್ಲಿನ ಸಾಲುಗಳಲ್ಲಿ ರಾಮಾಯಣದ ಕತೆ ನೋಡುತ್ತ ಒಂದು ಹಗಲು ಕಳೆಯುತ್ತದೆ.

ಫಿನ್ಲೆಂಡಿನ ಕ್ರಿಸ್ಮಸ್ ಮುಗಿಯುವುದು ಜನವರಿ 13ರಂದು, ನೂತ್ತಿಯ ದಿನ. ಅಂದು ಮರವನ್ನು ಹೊರಗೆ ಹಾಕುತ್ತಾರೆ. ಇಲ್ಲಿ ಅದರ ಬೆನ್ನಿಗೇ ಧನುರ್ಮಾಸ ಮುಗಿದು ಸಂಕ್ರಾಂತಿ. ಒಣಗಿದ ಸರ್ವೆಯ ಕೊಂಬೆಯನ್ನು ಹಂಡೆಯ ಒಲೆಗೆ ತುರುಕಿ ನೀರು ಕಾಯಿಸಿ ಮಿಂದು, ಆ ಹುಡುಗಿ ಲಂಗದ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಹಿಡಿದು, ಇನ್ನೊಂದರಲ್ಲಿ ಎಳ್ಳುಬೆಲ್ಲದ ತಟ್ಟೆ ಹೊತ್ತು, ಮನೆಯ ತಂಗಿಯರ ಜೊತೆಯಲ್ಲಿ ಬೀದಿಗಿಳಿಯಬೇಕು. ಮೊದಲನೆಯ ಮನೆಯ ಬಾಗಿಲಲ್ಲಿ ನಿಂತಾಗ ಅಲ್ಲಿನ ಅಜ್ಜಿ ತಟ್ಟೆಯಿಂದ ಎರಡು ಕಾಳು ಬಾಯಿಗೆ ಹಾಕಿಕೊಂಡು, ಅವಳ ಗಲ್ಲ ಹಿಡಿದು, “ನಿಮ್ಮ ಊರಲ್ಲಿ ಸಂಕ್ರಾಂತಿಗೆ ಏನು ಮಾಡ್ತಾರಮ್ಮಾ?” ಎಂದು ಕೇಳದೆ ಬಿಡುವಳೆ!